ಮಂಡಿ ನೋವಿನ ಪುಡಿ ತಿನ್ನುವವರ ಮನೆಯವರು ದಯವಿಟ್ಟು ಓದಿ

ನಿಮ್ಮ ಮನೆಯಲ್ಲಿ ಯಾರಾದರೂ ಮಂಡಿ ನೋವಿಗೆ, ವಾತಕ್ಕೆ, ಉಬ್ಬಸಕ್ಕೆ ಅಂತ ಹೆಸರಿಲ್ಲದ ಪುಡಿ ತಿನ್ನುತ್ತಿದ್ದಾರಾ? ಹಾಗಿದ್ದರೆ ಮೊದಲು ಈ ಒಂದು ಮಾತು. ಅದನ್ನು ಇವತ್ತೇ ದಿಢೀರ್ ಅಂತ ನಿಲ್ಲಿಸಬೇಡಿ. ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾದರೆ ಕ್ಷಮಿಸಿ.

ನಾನು ಹೈಸ್ಕೂಲ್ ವಿಜ್ಞಾನ ಟೀಚರ್. ನಿರ್ನಾಳ ಗ್ರಂಥಿಗಳ ಪಾಠ ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಮೂತ್ರಪಿಂಡದ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಂಥವಳು ನನ್ನ ಅಮ್ಮನ ಅದೇ ಗ್ರಂಥಿಯನ್ನು ಎಂಟು ತಿಂಗಳು ನನ್ನ ಕೈಯಾರೆ ಹಾಳು ಮಾಡಿದೆ. ಬರೆಯೋಕೆ ನಾಚಿಕೆ ಆಗುತ್ತದೆ. ಆದರೂ ಬರೆಯಲೇಬೇಕು.

ಅಮ್ಮನಿಗೆ 64 ವರ್ಷ. ಮಂಡಿ ನೋವು ಹಳೆಯದು. ಮಾತ್ರೆ ಜಾಸ್ತಿ ತಿಂದರೆ ಕಿಡ್ನಿ ಹೋಗುತ್ತೆ ಅಂತ ಅವರಿಗೆ ಭಯ. ನಮ್ಮ ಕಡೆ ಒಬ್ಬರು ಪುಡಿ ಕೊಡುತ್ತಾರೆ, ಎಲ್ಲರೂ ಪಂಡಿತರು ಅಂತಾರೆ. ಸೋಮವಾರ ಬೆಳಗ್ಗೆ ಆರಕ್ಕೇ ಅವರ ಮನೆ ಮುಂದೆ ಸಾಲು ನಿಂತಿರುತ್ತದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದರು, ಹೋದೆವು. ನಾಡಿ ಹಿಡಿದು ನೋಡಿದರು. ಪೇಪರಿನಲ್ಲಿ ಮಡಚಿದ ಅರವತ್ತು ಪೊಟ್ಟಣ ಕೊಟ್ಟರು, ತಿಂಗಳಿಗೆ 1,800 ರೂಪಾಯಿ. ಏನಿದೆ ಇದರಲ್ಲಿ ಅಂತ ಕೇಳಿದೆ. "ಬೇರು, ಶುಂಠಿ, ಅಮೃತಬಳ್ಳಿ. ನಮ್ಮ ತಾತನ ಕಾಲದ್ದು ಮೇಡಮ್" ಅಂದರು. ಬದನೆಕಾಯಿ ಬೇಡ, ಹುಳಿ ಬೇಡ ಅಂತ ಪಥ್ಯ ಹೇಳಿದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಒಂದು ದಿನವೂ ತಪ್ಪಿಸಬಾರದು ತಾಯಿ. ಒಂದು ಹೊತ್ತೂ ತಪ್ಪಿಸಬಾರದು."

ಆ ಮಾತನ್ನು ನೆನಪಿಟ್ಟುಕೊಳ್ಳಿ.

ಮೂರನೇ ದಿನಕ್ಕೆ ಅಮ್ಮ ನೆಲದ ಮೇಲೆ ಕೂತು ರಂಗೋಲಿ ಹಾಕಿದರು. ಎರಡು ವರ್ಷದಿಂದ ಕೂತಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಚಿಕ್ಕಮ್ಮನಿಗೆ ಹೇಳಿದೆ, ಸ್ಕೂಲಿನ ಇಬ್ಬರಿಗೆ ಹೇಳಿದೆ. ನಾನೇ ಹೇಳಿದೆ.

ಆಮೇಲೆ ಅಮ್ಮನ ಮುಖ ದುಂಡಗಾಗುತ್ತಾ ಬಂತು. ಎಲ್ಲರೂ ಮೈಕೈ ತುಂಬಿಕೊಂಡಿದ್ದೀರಿ ಅಂತ ಖುಷಿಪಟ್ಟರು. ಹೊಟ್ಟೆ ಬಂತು, ಕತ್ತಿನ ಹಿಂದೆ ಗುಬುಟು ಬಂತು, ಆದರೆ ಕೈಕಾಲು ಮಾತ್ರ ಸಣ್ಣಗಾದವು. ಬಳೆ ತಾಗಿದರೂ ಚರ್ಮ ನೀಲಿಗಟ್ಟುತ್ತಿತ್ತು. ಶುಗರ್ ಇರದಿದ್ದವರಿಗೆ ಶುಗರ್ 240 ಬಂತು. ಹತ್ತಿರದ ಕ್ಲಿನಿಕ್ಕಿನಲ್ಲಿ ಶುಗರ್ ಮಾತ್ರೆ ಬರೆದುಕೊಟ್ಟು, ಥೈರಾಯ್ಡ್ ಇರಬಹುದು ಅಂದರು. ಥೈರಾಯ್ಡ್ ಟೆಸ್ಟ್ ಮಾಡಿಸಿದೆವು, ನಾರ್ಮಲ್. ಬೇರೆ ಏನು ತಿನ್ನುತ್ತಿದ್ದೀರಿ ಅಂತ ಅಲ್ಲಿ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಬೇರು ನಾರಿನ ಪುಡಿಯನ್ನು ಔಷಧಿ ಅಂತ ನಾವು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಪಂಡಿತರಿಗೆ ಫೋನ್ ಮಾಡಿ ಮುಖ ಊದಿದೆ ಅಂದೆ. "ರಕ್ತ ಶುದ್ಧಿ ಆಗ್ತಿದೆ, ಔಷಧಿ ಹಿಡಿದಿದೆ ಅಂತ ಅರ್ಥ" ಅಂದರು. ನಂಬಿದೆ.

ಜೂನ್‌ನಲ್ಲಿ ಪೊಟ್ಟಣ ಮುಗಿಯಿತು. ಪಂಡಿತರು ಊರಲ್ಲಿರಲಿಲ್ಲ, ಎರಡು ವಾರ ಬಿಟ್ಟು ಬನ್ನಿ ಅಂದರು. ಮಂಡಿ ಗುಣವಾಗಿದೆಯಲ್ಲ, ಸುಮ್ನೆ ಬಿಟ್ಟುಬಿಡಮ್ಮ ಅಂತ ನಾನೇ ಹೇಳಿದೆ. ನಾಲ್ಕನೇ ದಿನ ಅಮ್ಮನಿಗೆ ಮೈಯೆಲ್ಲ ನೋವು, ಊಟ ಸೇರದು, ಎದ್ದರೆ ತಲೆ ಸುತ್ತು. ಆರನೇ ದಿನ ವಾಂತಿ. ಬಚ್ಚಲಮನೆಯಲ್ಲಿ ಬಿದ್ದರು. ನರ್ಸಿಂಗ್ ಹೋಮಿನಲ್ಲಿ ಬಿಪಿ 80/50. ರಾತ್ರಿಯಿಡೀ ಡ್ರಿಪ್ ಹಾಕಿದರೂ ಬಿಪಿ ಮೇಲೇಳಲಿಲ್ಲ. ರಕ್ತದಲ್ಲಿ ಸೋಡಿಯಂ 119ಕ್ಕೆ ಇಳಿದಿತ್ತು. 135ರ ಮೇಲೆ ಇರಬೇಕಂತೆ. ಬೆಳಗಾಗುತ್ತಲೇ ಆಂಬ್ಯುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ಹಾರ್ಮೋನ್ ಕಾಯಿಲೆ ನೋಡುವ ಡಾಕ್ಟರಮ್ಮ ಬಂದರು. ಅಮ್ಮನ ಮುಖ ನೋಡಿದರು, ತೋಳು ಹಿಡಿದು ನೋಡಿದರು, ಸೆರಗು ಸರಿಸಿ ಹೊಟ್ಟೆ ಮೇಲಿನ ನೇರಳೆ ಗೀರುಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾವ ಸ್ಟೀರಾಯ್ಡ್ ಕೊಡ್ತಿದ್ದೀರಿ ಇವರಿಗೆ?" ಅಂದರು.

ಸ್ಟೀರಾಯ್ಡ್ ಇಲ್ಲ ಅಂದೆ. ಇನ್ನೊಂದು ಸಲ ಕೇಳಿದರು. ಇಲ್ಲ ಅಂದೆ. "ಎಷ್ಟು ತಿಂಗಳಿಂದ? ನಿಲ್ಲಿಸಿ ಎಷ್ಟು ದಿನ ಆಯ್ತು?" ಅಂತ ಕೇಳಿದರು. ನನಗೆ ರೇಗಿತು. ನಾನು ಸೈನ್ಸ್ ಟೀಚರ್ ಡಾಕ್ಟ್ರೇ, ಅಷ್ಟೂ ಗೊತ್ತಾಗಲ್ವಾ ನನಗೆ, ನಮ್ಮಮ್ಮ ಶುಗರ್ ಮಾತ್ರೆ ಬಿಟ್ಟು ಬೇರೇನೂ ತಗೊಳ್ಳಲ್ಲ ಅಂತ ಜೋರಾಗಿಯೇ ಹೇಳಿದೆ. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಗ ಅಮ್ಮ ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಅಂದರು: "ಪುಡಿ ವಿಷಯ ಹೇಳೇ."

ಆ ಒಂದು ನಿಮಿಷ ನನಗೆ ಇವತ್ತಿಗೂ ಮರೆಯೋಕೆ ಆಗುತ್ತಿಲ್ಲ. ಮೂರನೇ ದಿನಕ್ಕೆ ನೋವು ಮಾಯ, ದುಂಡು ಮುಖ, ಶುಗರ್, ನೀಲಿಗಟ್ಟುವ ಚರ್ಮ, ಎಲ್ಲ ಒಂದೇ ಸಲ ಜೋಡಿಸಿಕೊಂಡಿತು. ಎಂಟು ತಿಂಗಳು ಕಣ್ಣೆದುರೇ ಇತ್ತು.

ಡಾಕ್ಟರಮ್ಮ ರಿಪೋರ್ಟಿಗೆ ಕಾಯಲಿಲ್ಲ. ರಕ್ತ ತೆಗೆದುಕೊಂಡ ತಕ್ಷಣ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ 100 ಮಿಲಿಗ್ರಾಂ ಇಂಜೆಕ್ಷನ್ ಕೊಟ್ಟು, ಸಲೈನ್ ಓಡಿಸಿದರು. ಸಂಜೆಗೆ ಬಿಪಿ 110. ಅಮ್ಮ ಎದ್ದು ಕೂತು ಗಂಜಿ ಕೇಳಿದರು. ಆಮೇಲೆ ರಿಪೋರ್ಟ್ ಬಂತು. ಕಾರ್ಟಿಸಾಲ್, ಅಂದರೆ ಅಡ್ರಿನಲ್ ಗ್ರಂಥಿ ತಾನೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನ್, ಬರೀ 1.4. ಬೆಳಗಿನ ಹೊತ್ತು ಅದು ಜಾಸ್ತಿ ಇರಬೇಕು, 3ಕ್ಕಿಂತ ಕೆಳಗಿದ್ದರೆ ಗ್ರಂಥಿ ಕೆಲಸ ಮಾಡುತ್ತಿಲ್ಲ ಅಂತಲೇ ಲೆಕ್ಕವಂತೆ.

ನೋಡಿದರೆ ಮೈಯಲ್ಲಿ ಸ್ಟೀರಾಯ್ಡ್ ತುಂಬಿ ತುಳುಕುವ ಲಕ್ಷಣ, ಟೆಸ್ಟ್ ಮಾಡಿದರೆ ರಕ್ತದಲ್ಲಿ ಏನೂ ಇಲ್ಲ. ಹೇಗೆ ಅಂತ ಕೇಳಿದೆ. "ಮನೆಗೆ ದಿನಾ ಹೊರಗಿನಿಂದ ಊಟ ಬರ್ತಿದ್ರೆ ಒಲೆ ಯಾರು ಹಚ್ತಾರೆ?" ಅಂದರು. ಹೊರಗಿನ ಸ್ಟೀರಾಯ್ಡ್ ಬರುತ್ತಿದ್ದರೆ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಅಡ್ರಿನಲ್‌ಗೆ ಕೆಲಸ ಹೇಳುವುದನ್ನೇ ನಿಲ್ಲಿಸುತ್ತದೆ. ಅಡ್ರಿನಲ್ ಸೊರಗುತ್ತದೆ. ಒಂದು ದಿನ ಹೊರಗಿನದ್ದು ನಿಂತರೆ ಒಳಗೂ ಇಲ್ಲ, ಹೊರಗೂ ಇಲ್ಲ. ಜ್ವರ ಬಂದರೆ, ವಾಂತಿಯಾದರೆ ತಡೆದುಕೊಳ್ಳುವ ಶಕ್ತಿ ಮೈಗೆ ಇರುವುದಿಲ್ಲ. ಜೀವವೇ ಹೋಗಬಹುದು. ಈ ದುಂಡು ಮುಖದ ಕಾಯಿಲೆಗೆ ಕುಶಿಂಗ್ ಸಿಂಡ್ರೋಮ್ ಅಂತಾರೆ. ಹಾರ್ವೆ ಕುಶಿಂಗ್ ಅನ್ನುವ ಅಮೆರಿಕದ ಸರ್ಜನ್ 1932ರಲ್ಲಿ ಬರೆದದ್ದು ಪಿಟ್ಯುಟರಿಯಲ್ಲಿ ಗಡ್ಡೆಯಾಗಿ ಬರುವ ಬಗೆ, ಅದು ಅಪರೂಪ. ನಮ್ಮಮ್ಮನಿಗೆ ಗಡ್ಡೆ ಇರಲಿಲ್ಲ. ಪೊಟ್ಟಣ ಇತ್ತು.

ಆಸ್ಪತ್ರೆಯಿಂದಲೇ ಪಂಡಿತರಿಗೆ ಫೋನ್ ಮಾಡಿದೆ. ಮೊದಲು "ಪಥ್ಯ ಮುರಿದಿರಬೇಕು" ಅಂದರು. ಸ್ಟೀರಾಯ್ಡ್ ಅಂದೆ. "ಇಂಗ್ಲಿಷ್ ಡಾಕ್ಟರಿಗೆ ನಮ್ಮನ್ನು ಕಂಡ್ರೆ ಹೊಟ್ಟೆಕಿಚ್ಚು" ಅಂದರು. ಪುಡಿ ಲ್ಯಾಬಿಗೆ ಕೊಡ್ತೀನಿ ಅಂದೆ. "ಕೊಡಿ. ನಾನೇನು ನಿಮ್ಮನ್ನ ಕರೆದಿದ್ನಾ ಮೇಡಮ್? ನೀವೇ ಸಾಲಲ್ಲಿ ನಿಂತು ತಗೊಂಡು ಹೋಗಿದ್ದು." ಆಮೇಲೆ ಕಡೆಯದಾಗಿ ಹೇಳಿದ್ದು ಇದು: "ನಾನು ಅವತ್ತೇ ಹೇಳಿದ್ದೆ, ಒಂದು ದಿನವೂ ತಪ್ಪಿಸಬೇಡಿ ಅಂತ. ನೀವು ನಿಲ್ಲಿಸಿದ್ದಕ್ಕೇ ಹೀಗಾಗಿರೋದು."

ಗೊತ್ತಿತ್ತು ಅವರಿಗೆ! ನಿಲ್ಲಿಸಿದರೆ ಏನಾಗುತ್ತೆ ಅಂತ ಗೊತ್ತಿತ್ತು. ಶುಂಠಿ, ಅಮೃತಬಳ್ಳಿ ಒಂದು ವಾರ ಬಿಟ್ಟರೆ ಯಾರಾದರೂ ಬಚ್ಚಲಲ್ಲಿ ಬೀಳ್ತಾರಾ? ಪಥ್ಯ ಅಂತ ನಾವು ಭಕ್ತಿಯಿಂದ ಪಾಲಿಸಿದ್ದು ಇದನ್ನೇ. ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಡಬ್ಬಿಯ ತಳದಲ್ಲಿ ಎರಡು ಪೊಟ್ಟಣ ಸಿಕ್ಕಿದ್ದವು, ಅವನ್ನಿಟ್ಟು ದೂರು ಕೊಟ್ಟಿದ್ದೇನೆ.

ಆಯುರ್ವೇದವನ್ನು ಬೈಯುತ್ತಿಲ್ಲ. ಅಂಗಡಿಯಲ್ಲಿ ಸಿಗುವ ಆಯುರ್ವೇದ ಔಷಧಿಯ ಡಬ್ಬಿ ಮೇಲೂ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಇರಬೇಕು. ಪೇಪರ್ ಪೊಟ್ಟಣದ ಮೇಲೆ ಏನಿತ್ತು? ಹಳೇ ಕ್ಯಾಲೆಂಡರಿನ ತಾರೀಖು. ಹಳೆಯ ನೋವು ಎರಡು ಮೂರು ದಿನದಲ್ಲಿ ಮಾಯವಾದರೆ ಖುಷಿಪಡಬೇಡಿ, ಅನುಮಾನಪಡಿ. ಡಾಕ್ಟರ್ ಕೇಳದಿದ್ದರೂ ಪುಡಿ, ಕಷಾಯ, ಗುಳಿಗೆ ಎಲ್ಲ ಬಾಯಿಬಿಟ್ಟು ಹೇಳಿ. ತಿಂಗಳುಗಟ್ಟಲೆ ತಿಂದವರು ಮಾತ್ರ ದಯವಿಟ್ಟು ತಾವಾಗಿಯೇ ನಿಲ್ಲಿಸಬೇಡಿ, ಬೆಳಗ್ಗೆ ಎಂಟರ ಹೊತ್ತಿಗೆ ಕಾರ್ಟಿಸಾಲ್ ಟೆಸ್ಟ್ ಮಾಡಿಸಬೇಕಾ ಅಂತ ಡಾಕ್ಟರನ್ನೇ ಕೇಳಿ.

ಅಮ್ಮ ಈಗ ಹೈಡ್ರೋಕಾರ್ಟಿಸೋನ್ ಮಾತ್ರೆ ಬೆಳಗ್ಗೆ 10, ಮಧ್ಯಾಹ್ನ 5 ಮಿಲಿಗ್ರಾಂ ತಗೊಳ್ಳುತ್ತಿದ್ದಾರೆ. ಜ್ವರ ಬಂದ ದಿನ ಎರಡರಷ್ಟು. ವಾಂತಿಯಾದರೆ ಇಂಜೆಕ್ಷನ್ನಿಗೆ ಓಡಬೇಕು. ಪರ್ಸಿನಲ್ಲಿ ಚೀಟಿ ಬರೆದಿಟ್ಟಿದ್ದೇನೆ. ಗ್ರಂಥಿ ಎಚ್ಚರಗೊಳ್ಳಲು ತಿಂಗಳುಗಳೇ ಬೇಕು, ವರ್ಷವೂ ಆಗಬಹುದು ಅಂದಿದ್ದಾರೆ. ಮುಖ ಇಳಿಯುತ್ತಿದೆ. ಮಂಡಿ ನೋವು ವಾಪಸ್ ಬಂದಿದೆ.

ನಾನು ಪುಡಿ ಹೇಳಿದ ಮೂವರಿಗೂ ಫೋನ್ ಮಾಡಿದೆ. ಚಿಕ್ಕಮ್ಮ ಹತ್ತು ದಿನ ತಿಂದು ಬಿಟ್ಟಿದ್ದರಂತೆ. ಸ್ಕೂಲಿನಲ್ಲಿ ಒಬ್ಬರು ತಂದೇ ಇರಲಿಲ್ಲ. ಇನ್ನೊಬ್ಬರ ಅತ್ತೆ ಐದು ತಿಂಗಳಿಂದ ತಿನ್ನುತ್ತಿದ್ದರು, ಟೆಸ್ಟಿನಲ್ಲಿ 2.6 ಬಂದಿದೆ, ಮಾತ್ರೆ ಶುರುವಾಗಿದೆ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ಎದುರಿಗೆ ಕೂತು ಊಟ ಮಾಡೋಕೆ ನನಗೇ ಆಗುತ್ತಿಲ್ಲ.