ಮನೆಗೇ ಬಂದು ರಕ್ತ ತೆಗೆಯುವ ಮೈಸೂರಿನ ಲ್ಯಾಬು: ಕೊಲೆಸ್ಟರಾಲಿಗೆ ಸೈ, ವಿಟಮಿನ್ ಎಗೆ ಎಚ್ಚರ

ಕುವೆಂಪುನಗರ, ಸರಸ್ವತಿಪುರಂ ಕಡೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಈ ಲ್ಯಾಬು ಕೀಮೋ ನಡೆಯುತ್ತಿರುವವರಿಗೆ ನಿಜಕ್ಕೂ ಅನುಕೂಲ. ಹೇಳಿದ ಹೊತ್ತಿಗೆ ಬರುತ್ತಾರೆ, ಸೂಜಿಯನ್ನು ಕಣ್ಣೆದುರೇ ಬಿಚ್ಚುತ್ತಾರೆ. ಕೊಲೆಸ್ಟರಾಲಿಗೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ವಿಟಮಿನ್ ಎಗೆ ಎರಡೇ.

ರಕ್ತದಲ್ಲಿರುವ ರೆಟಿನಾಲ್, ಅಂದರೆ ಲ್ಯಾಬು ಅಳೆಯುವ ವಿಟಮಿನ್ ಎ, ಬೆಳಕಿಗೆ ಕೆಡುತ್ತದೆ. ಟ್ಯೂಬು ತುಂಬಿದ ಕೂಡಲೇ ಅಲ್ಯೂಮಿನಿಯಂ ಫಾಯಿಲ್ ಸುತ್ತಬೇಕು. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ನಿಂತ ತಿಳಿಯನ್ನು (ಸೀರಮ್) ಬೇರ್ಪಡಿಸಿ ತಣ್ಣಗೆ ಇಡಬೇಕು. ಇಲ್ಲಿ ಟ್ಯೂಬು ಬರಿಯ ಪ್ಲಾಸ್ಟಿಕ್ ಕವರಿಗೆ ಬೀಳುತ್ತದೆ, ಕವರು ಸ್ಕೂಟರಿನ ಕೊಕ್ಕೆಗೆ ನೇತುಬೀಳುತ್ತದೆ, ಹುಡುಗ ಇನ್ನೊಂದೆರಡು ಮನೆ ಮುಗಿಸಿಯೇ ಲ್ಯಾಬಿಗೆ ಹೋಗುವುದು. ಹೀಗೆ ಬಂದ ಕಡಿಮೆ ಅಂಕಿ ರೋಗಿಯದೋ ಬಿಸಿಲಿನದೋ ಹೇಳಲಾಗದು. ಅಡುಗೆಮನೆಯ ಫಾಯಿಲನ್ನೇ ಒಂದು ತುಂಡು ಕತ್ತರಿಸಿಟ್ಟುಕೊಳ್ಳಿ, ಸುತ್ತಿದ ಮೇಲೆ ಹೆಸರಿನ ಚೀಟಿ ಹೊರಗೆ ಇನ್ನೊಮ್ಮೆ ಅಂಟಿಸಲು ಹೇಳಿ.

ಹಿಂದಿನ ರಾತ್ರಿ ಎಂಟಕ್ಕೆ ಊಟ ಮುಗಿದರೆ ಬೆಳಿಗ್ಗೆ ಏಳಕ್ಕೆ ರಕ್ತ ಕೊಡಬಹುದು. ನೀರು ಕುಡಿಯಬಹುದು, ಹಾಲು ಹಾಕಿದ ಕಾಫಿ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇದ್ದವರು ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಲೇಬೇಕು. ಐದು ನಿಮಿಷ ಕೂತ ಮೇಲೆ ರಕ್ತ ತೆಗೆಯಲಿ, ತೋಳಿನ ಪಟ್ಟಿ ಒಂದು ನಿಮಿಷ ಮೀರದಿರಲಿ. ಬಿಗಿದೇ ಇಟ್ಟರೆ ಕೊಲೆಸ್ಟರಾಲ್ ಸುಳ್ಳಾಗಿ ಏರುತ್ತದೆ, ಮಲಗಿಸಿ ತೆಗೆದರೆ ಇಳಿಯುತ್ತದೆ. ಸ್ತನದ ಆಪರೇಷನ್ನಿನಲ್ಲಿ ಕಂಕುಳ ಗಂಟು ತೆಗೆದಿದ್ದರೆ ಇನ್ನೊಂದು ಕೈಯನ್ನೇ ಕೊಡಿ. ಕೀಮೋ ಪೋರ್ಟ್ (ಔಷಧಿ ಕೊಡಲು ಚರ್ಮದಡಿ ಕೂರಿಸಿದ ಸಾಧನ) ಮುಟ್ಟುವುದು ಆಸ್ಪತ್ರೆಯ ನರ್ಸ್ ಕೆಲಸ, ಮನೆಗೆ ಬಂದ ಹುಡುಗನದ್ದಲ್ಲ.

ನಿಜವಾದ ದೂರು ರಿಪೋರ್ಟಿನ ಮೇಲೆ. ಕೊಲೆಸ್ಟರಾಲ್ 200ಕ್ಕಿಂತ ಕಡಿಮೆ ಇದ್ದರೆ ಸಾಕು, ಹಸಿರು ಬಣ್ಣ. 105 ಬಂದರೂ ಹಸಿರೇ! ತೂಕ ಇಳಿಯುತ್ತಿರುವ ರಕ್ತದ ಕ್ಯಾನ್ಸರಿನ ರೋಗಿಯಲ್ಲಿ ಅದು ಖುಷಿಯ ಸುದ್ದಿಯಲ್ಲ. ಬೆಳೆಯುವ ಕ್ಯಾನ್ಸರ್ ಜೀವಕೋಶಗಳು 'ಕೆಟ್ಟ ಕೊಲೆಸ್ಟರಾಲ್' ಎನ್ನುವ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತವೆ, ಜೊತೆಗೆ ಊಟವೂ ಸೇರದು. ಚಿಕಿತ್ಸೆ ಹಿಡಿದಾಗ ಅಂಕಿ ಮತ್ತೆ ಮೇಲೇರುವುದುಂಟು. ಅದೇ ಡೆಕ್ಸಾಮೆಥಾಸೋನ್, ಟ್ಯಾಮಾಕ್ಸಿಫೆನ್‌ನಂಥ ಔಷಧಿ ತೆಗೆದುಕೊಳ್ಳುವವರಲ್ಲಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರಬಹುದು. ಅದು 400 ದಾಟಿದರೆ ಲೆಕ್ಕ ಹಾಕಿ ಬರೆದ ಎಲ್‌ಡಿಎಲ್ ನಂಬುವಂತಿಲ್ಲ, ನೇರವಾಗಿ ಅಳೆಯಲು ಹೇಳಬೇಕು.

ವಿಟಮಿನ್ ಎ ಡೆಸಿಲೀಟರಿಗೆ 20 ಮೈಕ್ರೋಗ್ರಾಂಗಿಂತ ಕಡಿಮೆಯಾದರೆ ಕೊರತೆ ಎನ್ನುತ್ತಾರೆ. ಆದರೆ ರೆಟಿನಾಲನ್ನು ರಕ್ತದಲ್ಲಿ ಹೊತ್ತು ತಿರುಗುವ ಪ್ರೋಟೀನು ತಯಾರಾಗುವುದು ಲಿವರಿನಲ್ಲಿ. ಜ್ವರ, ಸೋಂಕು, ಉರಿಯೂತ ಇದ್ದಾಗ ಆ ಪ್ರೋಟೀನು ಇಳಿಯುತ್ತದೆ, ರೆಟಿನಾಲೂ ಜೊತೆಗೇ ಇಳಿಯುತ್ತದೆ, ಲಿವರಿನಲ್ಲಿ ದಾಸ್ತಾನು ಸಾಕಷ್ಟಿದ್ದರೂ. ಅದಕ್ಕೇ ಅದೇ ರಕ್ತದಲ್ಲಿ ಉರಿಯೂತ ಅಳೆಯುವ ಸಿಆರ್‌ಪಿ ಮಾಡಿಸಲೇಬೇಕು. ಕ್ಯಾನ್ಸರ್ ರೋಗಿ ಎಂದು ಚೀಟಿಯಲ್ಲಿ ಬರೆದಿದ್ದರೂ ಲ್ಯಾಬು ಆ ಮಾತೇ ಎತ್ತುವುದಿಲ್ಲ. ಕೆಂಪಕ್ಷರದಲ್ಲಿ 'ಕಡಿಮೆ' ಎಂದು ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತದೆ.

ಆ ಕೆಂಪಕ್ಷರ ನೋಡಿ ಮನೆಯವರು ಮೆಡಿಕಲ್ ಸ್ಟೋರಿಗೆ ಓಡುತ್ತಾರೆ, ಭಯವಿರುವುದು ಅಲ್ಲೇ. 1996ರಲ್ಲಿ ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸಗಾರರಿಗೆ ದಿನಕ್ಕೆ 30 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ (ಮೈಯೊಳಗೆ ವಿಟಮಿನ್ ಎ ಆಗಿ ಬದಲಾಗುವ ವಸ್ತು), 25,000 ಯೂನಿಟ್ ವಿಟಮಿನ್ ಎ ಕೊಡುತ್ತಿದ್ದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು: ಶ್ವಾಸಕೋಶದ ಕ್ಯಾನ್ಸರ್ 28% ಹೆಚ್ಚಾಗಿತ್ತು. ಕ್ಯಾಪ್ಸೂಲ್ ಬೇಕೋ ಬೇಡವೋ ಎಂದು ಚಿಕಿತ್ಸೆ ಕೊಡುತ್ತಿರುವ ಡಾಕ್ಟರೇ ಹೇಳಲಿ. ನುಗ್ಗೆಸೊಪ್ಪಿನ ಪಲ್ಯ, ಪರಂಗಿ ಹಣ್ಣು ಸೇರುವವರು ತಿನ್ನಲಿ. ಪಲ್ಯಕ್ಕೆ ಒಂದು ಚಮಚ ಎಣ್ಣೆ ಇದ್ದರೆ ಕ್ಯಾರೋಟಿನ್ ಮೈಗೆ ಹತ್ತುತ್ತದೆ.

ವಿಟಮಿನ್ ಎ ಸೀರಮ್ ಇಲ್ಲಿಂದ ಬೆಂಗಳೂರಿಗೆ ಹೋಗುತ್ತದೆ, ಭಾನುವಾರ ಗಾಡಿ ಇಲ್ಲ. ಶನಿವಾರ ಕೊಡಬೇಡಿ. ಮುಂದಿನ ಕೀಮೋಗೆ ಮುಂಚಿನ ಸಿಬಿಸಿ (ರಕ್ತಕಣಗಳ ಎಣಿಕೆ) ದಿನವೇ, ಜ್ವರ ಇಲ್ಲದಾಗ, ಒಂದೇ ಚುಚ್ಚಿನಲ್ಲಿ ಎಲ್ಲವನ್ನೂ ತೆಗೆಸಿ.