ಪುಟ್ಟಬಾಳೆಯ ಚಿಪ್ಪಿಗೆ ಸ್ಯೂಡೋಮೊನಾಸ್, ಬ್ಯಾಸಿಲಸ್, ಬಿಸಿನೀರು

ಸಾಗರ ಸೀಮೆಯ ಅಡಿಕೆ ತೋಟಗಳ ಪುಟ್ಟಬಾಳೆ ದೂರದ ಪೇಟೆ ಮುಟ್ಟುವಷ್ಟರಲ್ಲಿ ಮೊದಲು ಕೆಡುವುದು ಚಿಪ್ಪಿನ ಬುಡ. ಗೊನೆಯಿಂದ ಚಿಪ್ಪು ಕೊಯ್ದ ಗಾಯಕ್ಕೆ ಬೂಷ್ಟು ಹತ್ತಿ, ಬುಡ ಕಪ್ಪಾಗಿ, ಹಣ್ಣು ಉದುರುತ್ತದೆ. ಇದನ್ನು ತಡೆಯಲು ಎರಡು ಬ್ಯಾಕ್ಟೀರಿಯಾಗಳನ್ನೂ ಬರಿಯ ಬಿಸಿನೀರನ್ನೂ ಒಂದೇ ತೋಟದ ಗೊನೆಗಳ ಮೇಲೆ, ಏನೂ ಸೋಕಿಸದ ಚಿಪ್ಪುಗಳನ್ನು ಪಕ್ಕದಲ್ಲಿಟ್ಟು ನೋಡಿದ್ದೇನೆ. ನನ್ನ ಮತ ಬ್ಯಾಸಿಲಸ್ ಸಬ್ಟಿಲಿಸ್‌ಗೆ.

ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ನಮಗೆ ಹೊಸದಲ್ಲ, ಶುಂಠಿಗೂ ಕಾಳುಮೆಣಸಿಗೂ ಹಾಕುವ ಅದೇ ಪುಡಿ. ಗಾಯದ ಮೇಲೆ ಬೇಗ ಹರಡಿ, ಅಲ್ಲಿನ ಕಬ್ಬಿಣದಂಶವನ್ನು ತಾನೇ ಹೀರಿಕೊಂಡು ಶಿಲೀಂಧ್ರವನ್ನು ಸೊರಗಿಸುತ್ತದೆ. ಹೊಸ ಪುಡಿಯಾದರೆ ಬ್ಯಾಸಿಲಸ್‌ಗೆ ಸರಿಸಮ. ಆದರೆ ಇದು ಬೀಜಾಣು ಕಟ್ಟುವುದಿಲ್ಲ. ತಿಂಗಳು ಕಳೆದಂತೆ ಪೊಟ್ಟಣದೊಳಗೇ ಸಾಯುತ್ತ ಬರುತ್ತದೆ. ಹಳೆಯ ಪೊಟ್ಟಣದಲ್ಲಿ ಅದ್ದಿದ ಚಿಪ್ಪಿಗೂ ಏನೂ ಸೋಕಿಸದ ಚಿಪ್ಪಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಬ್ಯಾಸಿಲಸ್ ಗಟ್ಟಿ ಕವಚದ ಬೀಜಾಣುವಾಗಿ ಒಣಪುಡಿಯಲ್ಲಿ ಬಹುಕಾಲ ಬದುಕಿರುತ್ತದೆ. ಅದು ಸ್ರವಿಸುವ ಇಟುರಿನ್, ಫೆಂಜೈಸಿನ್ ಎಂಬ ವಸ್ತುಗಳು ಶಿಲೀಂಧ್ರದ ಕೋಶಪೊರೆಯನ್ನೇ ಹರಿಯುತ್ತವೆ. ಕೊಯ್ದ ಹಣ್ಣಿನಲ್ಲಿ ಇದರ ಬಲವನ್ನು ಅಮೆರಿಕದ ಸಂಶೋಧಕರಾದ ಪ್ಯೂಸಿ ಮತ್ತು ವಿಲ್ಸನ್ 1984ರಲ್ಲೇ ಪೀಚ್ ಜಾತಿಯ ಹಣ್ಣುಗಳ ಕಂದು ಕೊಳೆಯ ಮೇಲೆ ತೋರಿಸಿದ್ದರು. ಲೀಟರಿಗೆ 10 ಗ್ರಾಂ ಕದಡಿ, ಸೊನೆ ತೊಳೆದ ಚಿಪ್ಪಿನ ಬುಡವನ್ನು ಅದರಲ್ಲಿ ಅದ್ದಿ ನೆರಳಿನಲ್ಲಿ ಆರಿಸುತ್ತೇನೆ. ಕೊಯ್ದ ದಿನವೇ ಅದ್ದಬೇಕು. ಬೂಷ್ಟು ಮೊದಲು ಬೇರೂರಿದರೆ ಬ್ಯಾಕ್ಟೀರಿಯಾಕ್ಕೆ ಜಾಗವಿಲ್ಲ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಗುಡ್ಡದಿಂದ ಹರಿದುಬರುವ ಅಬ್ಬಿ ನೀರು ಒಳ್ಳೆಯದು. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನಂತೂ ಮುಟ್ಟಲೇಬೇಡಿ, ಅದರಲ್ಲಿ ಉಳಿದ ತಾಮ್ರ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಹಣ್ಣಿನ ಸಿಪ್ಪೆಯ ಮೇಲೆ ಕಪ್ಪು ಮಚ್ಚೆ ಏಳಿಸುವ ಚಿಬ್ಬು ರೋಗಕ್ಕೆ ಮಾತ್ರ ಎರಡೂ ಬ್ಯಾಕ್ಟೀರಿಯಾಗಳು ಸೋತವು. ಅದರ ಶಿಲೀಂಧ್ರ ಕಾಯಿ ಎಳೆಯದಾಗಿದ್ದಾಗಲೇ ತೋಟದಲ್ಲಿ ಸಿಪ್ಪೆಗೆ ಕಚ್ಚಿಕೊಂಡು, ಹಣ್ಣಾಗುವವರೆಗೆ ಅಡಗಿರುತ್ತದೆ. ಹೊರಗೆ ಲೇಪಿಸಿದ ಬ್ಯಾಕ್ಟೀರಿಯಾ ಅದನ್ನು ತಲುಪುವುದಿಲ್ಲ. 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರಿನಲ್ಲಿ ಮುಳುಗಿಸಿದವುಗಳಲ್ಲಿ ಮಚ್ಚೆ ಸ್ಪಷ್ಟವಾಗಿ ಕಡಿಮೆಯಿತ್ತು. ಆದರೆ ಶಾಖ ಸ್ವಲ್ಪ ಏರಿದರೂ ತೆಳು ಸಿಪ್ಪೆ ಕಂದುತ್ತದೆ. ಥರ್ಮಾಮೀಟರ್ ಹಿಡಿದು ಒಲೆಯ ಬಳಿಯೇ ನಿಲ್ಲಬೇಕು, ಸೌದೆಯ ಖರ್ಚು ಬೇರೆ. ನೀರು ತಣಿದ ಮೇಲೆ ಚಿಪ್ಪಿಗೆ ಕಾವಲೂ ಇರುವುದಿಲ್ಲ, ಹೊಸ ಬೂಷ್ಟು ಹತ್ತಬಹುದು. ಹಾಗಾಗಿ ಮಳೆಗಾಲದಲ್ಲಿ, ಚಿಬ್ಬು ಕಂಡ ತೋಟದ ಗೊನೆಗಳಿಗೆ ಮಾತ್ರ ಮೊದಲು ಬಿಸಿನೀರು, ಆರಿದ ಮೇಲೆ ಬ್ಯಾಸಿಲಸ್. ಉಳಿದ ಕಾಲಕ್ಕೆ ಬ್ಯಾಸಿಲಸ್ ಒಂದೇ ಸಾಕು.