ಕೇಸ್ಯಾನ್, ಕೆಎಮ್‌ಸ್ಯಾನ್, ಕೆಫೆನ್ಸ್: ಯಾವ ಮೆಮೊರಿ ತಪ್ಪಿಗೆ ಯಾವುದು?

ಲಿನಕ್ಸ್‌ನ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅದರಲ್ಲಿ ಮೆಮೊರಿ ತಪ್ಪು ಹಿಡಿಯಲು ಕೇಸ್ಯಾನ್ (KASAN), ಕೆಎಮ್‌ಸ್ಯಾನ್ (KMSAN), ಕೆಫೆನ್ಸ್ (KFENCE) ಅಂತ ಮೂರು ಟೂಲ್‌ಗಳಿವೆ. ಪರೀಕ್ಷೆಗೆ ಅಂತ ಒಂದು ಪುಟ್ಟ ಡ್ರೈವರ್ ಬರೆದು, ಬೇಕೆಂದೇ ಮೂರು ತಪ್ಪು ತುರುಕಿದೆ. ಬಫರ್ (ಪಡೆದ ಮೆಮೊರಿ ತುಂಡು) ದಾಟಿ ಬರೆಯುವುದು, ಕೆಫ್ರೀ ಮಾಡಿ ಮೆಮೊರಿ ಬಿಟ್ಟುಕೊಟ್ಟ ಮೇಲೂ ಓದುವುದು, ಮತ್ತೆ ಪೂರ್ತಿ ತುಂಬದ ಸ್ಟ್ರಕ್ಟ್ (ಹಲವು ಫೀಲ್ಡ್ ಸೇರಿದ ಡೇಟಾ) ಅನ್ನು ಯೂಸರ್ ಪ್ರೋಗ್ರಾಮ್‌ಗೆ ಕಳಿಸುವುದು. ಓಡಿಸಿದ್ದು ಕ್ಯೂಎಮು ಅನ್ನುವ ವರ್ಚುವಲ್ ಮಷೀನ್ ಒಳಗೆ.

ಮೊದಲ ಎರಡಕ್ಕೆ ಕೇಸ್ಯಾನ್ ಸಾಕು. 2015ರ 4.0 ಕರ್ನಲ್‌ನಿಂದ ಇದೆ. ಪ್ರತಿ 8 ಬೈಟಿಗೆ 1 ಶ್ಯಾಡೋ ಬೈಟ್ (ಲೆಕ್ಕ ಬರೆದಿಡುವ ಬೈಟ್) ಇಟ್ಟು, ಮುಟ್ಟಬಹುದೋ ಇಲ್ಲವೋ ನೋಡುತ್ತದೆ. ತಪ್ಪು ನಡೆದ ಜಾಗ, ಮೆಮೊರಿ ಪಡೆದ ಜಾಗ, ಬಿಟ್ಟ ಜಾಗ, ಎಲ್ಲದರ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ಒಂದೇ ರಿಪೋರ್ಟಿನಲ್ಲಿ ಬಂತು. ಮೂರನೆಯ ತಪ್ಪಿಗೆ ಮಾತ್ರ ಪೂರಾ ಮೌನ. ಆ ಮೆಮೊರಿ ನಮ್ಮದೇ, ಮುಟ್ಟಬಹುದು. ಒಳಗೆ ಏನಿದೆ ಅನ್ನುವುದು ಕೇಸ್ಯಾನ್‌ಗೆ ಬೇಕಿಲ್ಲ, ಅಲ್ವಾ?

ನನ್ನ ಪ್ರಕಾರ ಕಷ್ಟದ್ದು ಆ ಮೂರನೆಯ ತಪ್ಪೇ. ಸ್ಟ್ರಕ್ಟ್‌ನಲ್ಲಿ ಮೊದಲು ಯು8 (1 ಬೈಟಿನ ಸಂಖ್ಯೆ), ಆಮೇಲೆ ಯು32 (4 ಬೈಟಿನದು). ನಡುವೆ ಕಂಪೈಲರ್ 3 ಬೈಟ್ ಪ್ಯಾಡಿಂಗ್ (ಬಳಸದ ಜಾಗ) ಹಾಕುತ್ತದೆ. ಎರಡೂ ಫೀಲ್ಡ್ ತುಂಬಿ ಕಾಪಿ ಟು ಯೂಸರ್ ಮಾಡಿದರೆ, ಅಂದರೆ ಯೂಸರ್ ಪ್ರೋಗ್ರಾಮ್‌ಗೆ ನಕಲು ಕಳಿಸಿದರೆ, ಕರ್ನಲ್ ಸ್ಟ್ಯಾಕ್‌ನ ಹಳೆಯ ಕಸ ಆ 3 ಬೈಟಿನಲ್ಲಿ ಹೊರಗೆ ಹೋಗುತ್ತದೆ. ಕೋಡ್ ಓದಿದರೆ ಎಲ್ಲಾ ಸರಿಯೇ ಕಾಣುತ್ತದೆ. ಕೆಎಮ್‌ಸ್ಯಾನ್ ಇದನ್ನು ಥಟ್ಟನೆ ಹಿಡಿಯಿತು. 8 ಬೈಟಿನಲ್ಲಿ 1ರಿಂದ 3ರವರೆಗಿನವು ತುಂಬಿಲ್ಲ, ಹುಟ್ಟಿದ್ದು ಇಂಥ ಫಂಕ್ಷನ್‌ನ ಇಂಥ ಲೋಕಲ್ ವೇರಿಯಬಲ್‌ನಲ್ಲಿ ಅಂತ ಬಿಡಿಸಿ ಹೇಳಿತು. ಮೊದಲೇ ಮೆಮ್‌ಸೆಟ್ ಮಾಡಿ ಇಡೀ ಸ್ಟ್ರಕ್ಟ್ ಸೊನ್ನೆ ಮಾಡಿದೆ, ರಿಪೋರ್ಟ್ ನಿಂತಿತು. ಸುಮ್ನೆ ಇನಿಷಿಯಲೈಸರ್ (ಘೋಷಿಸುವಾಗಲೇ ಕೊಡುವ ಬೆಲೆ) ಬರೆದರೆ ಸಾಲದು. ಫೀಲ್ಡ್‌ಗಳ ನಡುವಿನ ಪ್ಯಾಡಿಂಗ್ ಸೊನ್ನೆ ಆಗಲೇಬೇಕು ಅಂತ ಸಿ ಭಾಷೆಯ ಸ್ಟ್ಯಾಂಡರ್ಡ್ ಆದ ಸಿ11 ಹೇಳುವುದಿಲ್ಲ.

ಆದರೆ ಕೆಎಮ್‌ಸ್ಯಾನ್ ಜಾಸ್ತಿ ಕೇಳುತ್ತದೆ. 6.1 ಕರ್ನಲ್‌ನಲ್ಲಿ ಬಂದಾಗ ಎಕ್ಸ್86-64 ಪ್ರೊಸೆಸರ್‌ಗೆ ಮಾತ್ರ, ಅದೂ ಕ್ಲ್ಯಾಂಗ್ ಕಂಪೈಲರ್‌ನಲ್ಲೇ ಕಟ್ಟಬೇಕು. ಪ್ರತಿ ಬೈಟಿಗೆ ಶ್ಯಾಡೋ, ಜೊತೆಗೆ ಅಷ್ಟೇ ದೊಡ್ಡ ಒರಿಜಿನ್ (ಕಸ ಎಲ್ಲಿ ಹುಟ್ಟಿತು ಅನ್ನುವ ಗುರುತು). ರ‍್ಯಾಮ್ ಕಣ್ಣೆದುರೇ ಕರಗುತ್ತದೆ. ಕೇಸ್ಯಾನ್ ಜೊತೆ ಒಂದೇ ಬಿಲ್ಡಿನಲ್ಲಿ ಹಾಕಲು ಕಾನ್ಫಿಗ್ ಬಿಡುವುದಿಲ್ಲ, ಹಾಗಾಗಿ ಎರಡು ಬಿಲ್ಡ್ ಡೈರೆಕ್ಟರಿ.

ಕೆಫೆನ್ಸ್ ಬಸ್ಸಿನ ಚೆಕ್ಕಿಂಗ್ ಇನ್‌ಸ್ಪೆಕ್ಟರ್ ಇದ್ದ ಹಾಗೆ, ಎಲ್ಲರ ಟಿಕೆಟ್ ನೋಡುವುದಿಲ್ಲ. ಡೀಫಾಲ್ಟ್‌ನಲ್ಲಿ 100 ಮಿಲಿಸೆಕೆಂಡಿಗೊಮ್ಮೆ ಒಂದು ಅಲೊಕೇಶನ್ (ಪಡೆದ ಮೆಮೊರಿ) ಆರಿಸಿ ಗಾರ್ಡ್ ಪೇಜ್‌ಗಳ, ಅಂದರೆ ಮುಟ್ಟಿದರೆ ಸಿಕ್ಕಿಬೀಳುವ ಪೇಜ್‌ಗಳ, ನಡುವೆ ಇಡುತ್ತದೆ. ನನ್ನ ಡ್ರೈವರ್ ಒಂದು ಸಲ ಓಡಿಸಿದಾಗ ಏನೂ ಸಿಗಲಿಲ್ಲ, ಲೂಪಿನಲ್ಲಿ ಬಿಟ್ಟ ಮೇಲೆ ಕೆಫ್ರೀ ತಪ್ಪು ಸಿಕ್ಕಿತು. ಹೊರೆ ತೀರಾ ಕಡಿಮೆ, ನಿಜವಾದ ಸರ್ವರ್‌ಗಳಿಗೆ ಇದೇ ಸರಿ.

ಇವೆಲ್ಲ ಯಾಕೆ, ಎಲ್ಲಾ ಮೆಮೊರಿಯನ್ನೂ ಸೊನ್ನೆ ಮಾಡಿಬಿಡೋಣ ಅನ್ನುವವರೂ ಇದ್ದಾರೆ. ಮೆಮೊರಿ ಕೊಡುವಾಗಲೇ ಸೊನ್ನೆ ಮಾಡುವ ಇನಿಟ್ ಆನ್ ಅಲಾಕ್ 5.3 ಕರ್ನಲ್‌ನಿಂದ ಇದೆ, ಸ್ಟ್ಯಾಕ್‌ಗೂ ಬೇರೆ ಆಯ್ಕೆ ಇದೆ. ಮಾರಿದ ಡಿವೈಸ್‌ನಲ್ಲಿ ಖಂಡಿತ ಹಾಕಿ. ಡೆವಲಪ್‌ಮೆಂಟ್ ಬಿಲ್ಡಿನಲ್ಲಿ ಹಾಕಿದರೆ ತಪ್ಪು ಕೋಡಿನಲ್ಲೇ ಉಳಿದು, ಕಣ್ಣಿಗೆ ಬೀಳುವುದು ಮಾತ್ರ ನಿಲ್ಲುತ್ತದೆ. ನಾನು ದಿನವೂ ಕೇಸ್ಯಾನ್ ಬಿಲ್ಡ್ ಓಡಿಸುತ್ತೇನೆ. ಐಯಾಕ್ಟಲ್ (ಯೂಸರ್ ಪ್ರೋಗ್ರಾಮ್ ಡ್ರೈವರ್ ಜೊತೆ ಮಾತಾಡುವ ಕರೆ) ಮುಟ್ಟಿದ ಪ್ಯಾಚ್ ಆದರೆ, ಕಳಿಸುವ ಮುಂಚೆ ಕೆಎಮ್‌ಸ್ಯಾನ್.